ಕರ್ಣನಿಗೆ ಹಿಗ್ಗು ಬರುವ ಜಾಗ

ಬೆಳಕವಾಡಿ
೧೨ ನವೆಂಬರ್ ೨೦೨೩

ಬಾಬು ಜಾನ್ ಮೇಷ್ಟ್ರಿಗೆ ನಮಸ್ಕಾರ.

ಪತ್ರ ಕಂಡು ಗಾಬರಿಯಾಗಬೇಡಿ, ಯಾರೂ ಸತ್ತಿಲ್ಲ. ಫೋನಿನಲ್ಲಿ ನನ್ನ ದನಿ ಏಳುವುದಿಲ್ಲ, ಎದ್ದರೂ ನಿಮ್ಮ ಕಿವಿ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೋದ ವಾರ ಇಬ್ಬರೂ "ಆಂ? ಆಂ?" ಎಂದುಕೊಂಡೇ ಫೋನಿಟ್ಟೆವಲ್ಲ, ಮೂಗನೂ ಕಿವುಡನೂ ಜೊತೆಯಲ್ಲಿ ಸಂತೆಗೆ ಹೋದ ಹಾಗೆ. ಅದಕ್ಕೇ ಅಂಚೆ ಕಚೇರಿಗೆ ಹೋಗಿ ಲಕೋಟೆ ತಂದೆ. ಅಲ್ಲಿಯ ಹುಡುಗಿ ನನ್ನನ್ನು ವಿಚಿತ್ರವಾಗಿ ನೋಡಿದಳು.

ವಿಷಯ ಇಷ್ಟು. ಮಳೆಗಾಲದಿಂದ ಗೊರಗೊರ ಎನ್ನುತ್ತಿದ್ದ ಗಂಟಲನ್ನು ಮಗಳು ದೀಪಿಕ ಮೈಸೂರಿಗೆ ಎಳೆದುಕೊಂಡು ಹೋಗಿ ತೋರಿಸಿದಳು. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ಕ್ಯಾನ್ಸರು. ಪೆಟ್ಟಿಗೆಯನ್ನೇ ಪೂರ್ತಿ ತೆಗೆದು, ಕತ್ತಿನಲ್ಲಿ ಒಂದು ತೂತು ಬಿಡುತ್ತಾರಂತೆ, ಉಸಿರಾಟಕ್ಕೆ. ಈ ತಿಂಗಳೊಳಗೇ ಆಗಬೇಕು, ತಡವಾದರೆ ಕೈಮೀರುತ್ತದೆ ಎಂದರು ಡಾಕ್ಟರು. "ಆಮೇಲೆ ಮಾತು?" ಎಂದು ಕೇಳಿದೆ. ಡಾಕ್ಟರು ದೀಪಿಕಳ ಮುಖ ನೋಡಿದರು.

ಮಾರ್ಚಿ ಹತ್ತಕ್ಕೆ ಮಂಡ್ಯದಲ್ಲಿ ನಮ್ಮ ನಾಟಕ. ಕರ್ಣನ ಪಾತ್ರಕ್ಕೆ ನಾನು ವೀಳ್ಯ ಹಿಡಿದಾಗಿದೆ. ನೀವೇ ಎದುರಿಗಿದ್ದಿರಿ. ಎಲೆ ಅಡಿಕೆಗೆ ಕೈಯೊಡ್ಡಿದವನು ಪಾತ್ರ ಬಿಟ್ಟದ್ದನ್ನು ನಮ್ಮ ಕಡೆ ಯಾರೂ ಕಂಡಿಲ್ಲ. ಮಾರ್ಚಿ ಹನ್ನೊಂದಕ್ಕೆ ಕುಯ್ಯಿರಿ, ಬೇಡ ಅನ್ನುವುದಿಲ್ಲ ಎಂದು ಡಾಕ್ಟರಿಗೆ ಹೇಳಿ ಬಂದೆ. ಜೊತೆಗೆ ಬಂದಿದ್ದ ಪಟ್ಟಲಮ್ಮ ಬಸ್ಸಿನಲ್ಲೇ ಶುರುಮಾಡಿದಳು. "ಆ ಕರ್ಣನ್ ಮನೆ ಆಳಾಗೋಗ! ಎಂಡ್ತಿ ಮಕ್ಳಿಗಿಂತ ಎಲೆ ಅಡ್ಕೆ ಎಚ್ಚಾಯ್ತಾ?" ಇಡೀ ಬಸ್ಸು ತಿರುಗಿ ನೋಡಿತು.

ನಿಮ್ಮನ್ನು ಕೇಳಬೇಕಾದದ್ದು ಬೇರೆ. ನದಿಯ ದಡದಲ್ಲಿ ಕುಂತಿ ಬಂದು "ನೀನು ನನ್ನ ಮೊದಲ ಮಗ" ಎಂದಾಗ ಕರ್ಣನಿಗೆ ದುಃಖಕ್ಕೆ ಮೊದಲು ಹಿಗ್ಗು ಬರುತ್ತದೆ ಎಂದು ಪಾತ್ರ ಕಲಿಸಿದ ದಿನದಿಂದ ಹೇಳುತ್ತಿದ್ದೀರಿ. ಪ್ರತಿ ನಾಟಕ ಮುಗಿದ ಮೇಲೂ ಹಾರ್ಮೋನಿಯಂ ಪೆಟ್ಟಿಗೆ ಮುಚ್ಚುತ್ತಾ ಒಂದೇ ಮಾತು. "ಲೇ ಸಿದ್ದ, ಅಳದ್ರಲ್ಲಿ ನೂರಕ್ಕೆ ನೂರು, ಹಿಗ್ಗದ್ರಲ್ಲಿ ಸೊನ್ನೆ ಕಣ್ಲಾ." ನಾನೂ ನಗುತ್ತಿದ್ದೆ. ಈಗ ಉಳಿದಿರುವುದು ಒಂದೇ ನಾಟಕ. ಹಿಗ್ಗು ಅಂದರೆ ಏನು? ಆ ಮಾತು ಎಲ್ಲಿಂದ ಬಂತು, ಮೈಯಲ್ಲಿ ಎಲ್ಲಿ ಇರುತ್ತದೆ? ತಮಾಷೆಗೆ ಕೇಳುತ್ತಿಲ್ಲ. ತಿಳಿದದ್ದನ್ನೆಲ್ಲ ಬರೆಯಿರಿ.

ನಿಮ್ಮ ಸೊನ್ನೆ ಮಾರ್ಕಿನ ಶಿಷ್ಯ
ಕೆಂಪಸಿದ್ದಯ್ಯ


ಮದ್ದೂರು
೨೦ ನವೆಂಬರ್ ೨೦೨೩

ಲೇ ಸಿದ್ದಯ್ಯ,

ನಿನ್ನ ಪತ್ರವನ್ನು ನಮ್ಮ ಮನೆಯಾಕೆ ಶಮೀಮ್ ಬಾನು ಜೋರಾಗಿ ಓದಿದಳು. ಅರ್ಧಕ್ಕೆ ಬಂದಾಗ ಅಳು ತಡೆಯದೆ ಒಳಗೆ ಹೋದಳು, ಉಳಿದದ್ದನ್ನು ನಾನೇ ಓದಿಕೊಂಡೆ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮನೆಗೆ ಬೆಂಕಿ ಬಿದ್ದಿದೆ, ಇವನು ಬೆಂಕಿ ಎಂಬ ಶಬ್ದದ ಅರ್ಥ ಕೇಳುತ್ತಾನೆ!

ಮೊದಲು ಆಪರೇಷನ್ನು ಮಾಡಿಸು. ಇದು ನನ್ನ ಉತ್ತರ. ಕೆಳಗೆ ಬರೆಯುವುದೆಲ್ಲ ನೀನು ಕೇಳಿದೆ ಎಂಬ ಒಂದೇ ಕಾರಣಕ್ಕೆ.

ನಾನು ಪೆಟ್ಟಿಗೆ ಕಲಿತದ್ದು ಮಳವಳ್ಳಿಯಲ್ಲಿ, ಕನ್ನಡ ಪಂಡಿತರೊಬ್ಬರ ಮನೆಯ ಜಗಲಿಯಲ್ಲಿ. ಸ್ವರ ತಪ್ಪಿದರೆ ಸುಮ್ಮನಿರುತ್ತಿದ್ದರು, ಮಾತು ತಪ್ಪಿದರೆ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು. ಹರ್ಷ ಎಂದರೆ ಮೊದಲಿಗೆ ಸಂತೋಷ ಅಲ್ಲವಂತೆ, ಮೈಕೂದಲು ನೆಟ್ಟಗೆ ನಿಲ್ಲುವುದಂತೆ. ಅದು ಹೆದರಿದವನಿಗೂ ನಿಲ್ಲುತ್ತದೆ, ಹಂದಿ ಕಂಡ ನಾಯಿಗೂ ನಿಲ್ಲುತ್ತದೆ. ಸಂಭ್ರಮ ಅಂದರೆ ಸುತ್ತುವುದು, ತಲೆ ತಿರುಗಿ ದಿಕ್ಕು ತಪ್ಪುವುದು. ಮದುವೆ ಮನೆಯಲ್ಲಿ ಹೆಣ್ಣಿನ ಅಪ್ಪ ಸುಮ್ಮಸುಮ್ಮನೆ ಅಡುಗೆ ಮನೆಗೂ ಬಾಗಿಲಿಗೂ ಓಡಾಡುತ್ತಾನಲ್ಲ, ಅದು ಅಸಲಿ ಸಂಭ್ರಮ. ಖುಷಿ ನಮ್ಮ ಕಡೆಯದು, ಫಾರಸಿಯಿಂದ ಬಂದದ್ದು. ಒಳ್ಳೆಯ ಮಾತೇ, ಆದರೆ ಹಗುರ, ಒಂದು ಲೋಟ ಟೀಗೂ ಖುಷಿಯಾಗುತ್ತದೆ. ಕರ್ಣನಿಗೆ ಖುಷಿಯಾಯಿತು ಅಂದರೆ ಜನ ಎದ್ದು ಮನೆಗೆ ಹೋಗುತ್ತಾರೆ.

ಹಿಗ್ಗು ಮಾತ್ರ ಇಲ್ಲಿಯದೇ, ಈ ಮಣ್ಣಿನದು. ಹಾಲು ಮೊದಲು ಪಾಲು ಆಗಿತ್ತಂತೆ, ಹಾಗೆ ಹಿಗ್ಗೂ ಒಂದಾನೊಂದು ಕಾಲಕ್ಕೆ ಪಿಗ್ಗು ಆಗಿತ್ತೇನೋ, ಪಂಡಿತರಿಗೂ ಗ್ಯಾರಂಟಿ ಇರಲಿಲ್ಲ. ಪ ಹೋಗಿ ಹ ಬಂತು, ನಿಮ್ಮ ಊರಿನವರು ಹ ಕೂಡ ಕಳೆದು ಇಗ್ಗು ಮಾಡಿಕೊಂಡಿರಿ. ಅರ್ಥ ಮಾತ್ರ ಕಳೆದಿಲ್ಲ. ಇದ್ದ ಜಾಗದಲ್ಲೇ ಒಳಗಿನಿಂದ ದೊಡ್ಡದಾಗುವುದು. ನನ್ನ ಪೆಟ್ಟಿಗೆಯ ತಿದಿ ನೋಡಿದ್ದೀಯಲ್ಲ, ಗಾಳಿ ತುಂಬಿದಾಗ ಹಿಗ್ಗುತ್ತದೆ. ಕುಂತಿಯ ಮಾತು ಕೇಳಿದ ಕ್ಷಣ ಕರ್ಣ ಅಷ್ಟು ಹಿಗ್ಗಬೇಕು, ಎದೆಯ ಮೇಲಿನ ವೇಷ ಬಿಗಿಯಾಗಬೇಕು. ನೀನು ಅದಕ್ಕೆ ಮೊದಲೇ ಕಣ್ಣೊರೆಸಿಕೊಳ್ಳುತ್ತೀಯ, ಸುಖ ಬಂದರೆ ಯಾರೋ ಜಪ್ತಿ ಮಾಡಲು ಬರುತ್ತಾರೆ ಅನ್ನುವ ಹಾಗೆ.

ಇಷ್ಟೇ ನನಗೆ ಗೊತ್ತಿರುವುದು. ಈಗ ಆಸ್ಪತ್ರೆಗೆ ಹೋಗು. ಎಲೆ ಅಡಿಕೆ ತಿಂದು ಉಗುಳುವ ವಸ್ತು ಕಣೋ.

ಬೈಯುತ್ತಲೇ ಇರುವ
ಬಾಬು ಜಾನ್


ಬೆಳಕವಾಡಿ
೩ ಡಿಸೆಂಬರ್ ೨೦೨೩

ಮೇಷ್ಟ್ರೇ,

ಬೈಗುಳ ತಲುಪಿತು. ನಿಮ್ಮ ತಿದಿಯ ಮಾತನ್ನು ಗದ್ದೆ ಬದುವಿನ ಮೇಲೆ ಕೂತು ಯೋಚಿಸಿದೆ.

ನಾನು ನೀರುಗಂಟಿ. ನಾಲೆಯ ನೀರನ್ನು ಸರದಿಯ ಮೇಲೆ ಗದ್ದೆಗಳಿಗೆ ತಿರುಗಿಸಿ ಬಿಟ್ಟೇ ಕೂದಲು ನರೆತದ್ದು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಮಣ್ಣಿಗೆ ಮೊದಲ ನೀರು ಹೋದಾಗ ಸೊಯ್ ಎಂದು ಒಂದು ಸದ್ದು ಬರುತ್ತದೆ. ಹೆಂಟೆಗಳು ಗುಳ್ಳೆ ಬಿಡುತ್ತಾ ನೆನೆಯುತ್ತವೆ, ಬಿರುಕಿನ ಎರಡು ತುಟಿಗಳೂ ಹತ್ತಿರ ಬರುತ್ತಾ ಸಂಜೆಯೊಳಗೆ ಕೂಡಿಕೊಳ್ಳುತ್ತವೆ. ಅದಕ್ಕೆ ನಾವು ಮಣ್ಣು ಹಿಗ್ಗಿತು ಎನ್ನುತ್ತೇವೆ. ಆಗ ಏನೋ ಒಂದು ನನ್ನೊಳಗೂ ಆಗುತ್ತಿತ್ತು. ಅದೇ ಇರಬೇಕು. ಆದರೆ ಬದುವಿನ ಮೇಲೆ ಒಬ್ಬನೇ ಇದ್ದಾಗ ಆದದ್ದು ಸೀನಿನ ಪರದೆಯ ಮುಂದೆ, ಲೈಟಿನ ಕೆಳಗೆ ಯಾಕೆ ಆಗುವುದಿಲ್ಲ?

ನೀವು ಹೇಳಿದ ಜಪ್ತಿಯ ಮಾತು ನೇರ ಎದೆಗೆ ತಾಗಿತು. ನಮ್ಮಪ್ಪನ ಮುಂದೆ ನಾವು ಮಕ್ಕಳು ನಗುತ್ತಿರಲಿಲ್ಲ. ಗೋಲಿ ಗೆದ್ದು ಕುಣಿದುಕೊಂಡು ಬಂದರೆ ತಲೆಗೆ ಮೊಟಕುತ್ತಿದ್ದ. "ಇಗ್ಬ್ಯಾಡ ಕಣ್ಲಾ. ಇಗ್ದೋನು ಕುಗ್ಲೇಬೇಕು." ದೀಪಿಕ ಹುಟ್ಟಿದ ದಿನ ಆಸ್ಪತ್ರೆಯ ಹಿಂದಿನ ಗೋಡೆಯ ಹತ್ತಿರ ಹೋಗಿ ಒಬ್ಬನೇ ನಿಂತಿದ್ದೆ, ಯಾರಾದರೂ ಮುಖ ನೋಡಿಬಿಟ್ಟಾರೆಂದು. ಇಂಥವನಿಗೆ ಕರ್ಣನ ಪಾತ್ರ ಕೊಟ್ಟಿರಿ!

ಅದಕ್ಕೇ ಕೇಳುತ್ತೇನೆ, ಈ ಒಂದು ನಾಟಕ ಬಿಡಿ ನನಗೆ. ಆಪರೇಷನ್ನಿನ ನಂತರ ನಾನು ಬದುಕಿರುತ್ತೇನೆ, ಸರಿ. ಮನೆಯ ಬಾಗಿಲಲ್ಲಿ ಕೂತು ಕೈಸನ್ನೆ ಮಾಡಿಕೊಂಡು ಎಷ್ಟು ವರ್ಷ ಬೇಕಾದರೂ ಬದುಕಿರಬಹುದು. ಅದಕ್ಕೆ ಮೊದಲು ಒಂದು ಸಲ, ಜನರ ಎದುರಿಗೆ, ಬಾಯಿ ಬಿಟ್ಟು ಹಿಗ್ಗಬೇಕು ನಾನು. ವೀಳ್ಯದ ನೆಪ ಹೇಳಿದೆ, ಅಸಲು ಆಸೆ ಇದು.

ಹದಿನಾರನೇ ತಾರೀಖು ಶನಿವಾರ ಕೆರಗೋಡಿನ ಪ್ರಾಕ್ಟೀಸಿಗೆ ಬರುತ್ತೇನೆ. ಬಿಸಿನೀರು, ಜೇನುತುಪ್ಪ ಕುಡಿಯುತ್ತಿದ್ದೇನೆ. ಗಂಟಲು ಪರವಾಗಿಲ್ಲ.

ನಿಮ್ಮ
ಕೆಂಪಸಿದ್ದಯ್ಯ


ಮದ್ದೂರು
೧೮ ಡಿಸೆಂಬರ್ ೨೦೨೩

ಸಿದ್ದಯ್ಯ,

ಶನಿವಾರ ನೀನು ಹಾಡಿದ್ದನ್ನು ಕೇಳಿದೆ. ಕಿವುಡನಾದರೂ ಕೇಳಿದೆ. ಮೇಲಿನ ಸ್ವರಕ್ಕೆ ಹೋದಾಗ ನಿನ್ನ ಬಾಯಿಂದ ರಕ್ತದ ಗೆರೆ ಬಂತು. ಟವಲಿನಲ್ಲಿ ಒರೆಸಿಕೊಂಡು, ಎಲೆಯಡಿಕೆ ಎಂದೆ. ಆವತ್ತು ನೀನು ಎಲೆಯಡಿಕೆ ಹಾಕಿಕೊಂಡಿರಲಿಲ್ಲ.

ನೀನು ಬಸ್ಸು ಹತ್ತಿದ ಮೇಲೆ ಸಂಘದವರನ್ನು ಕೂರಿಸಿಕೊಂಡು ಮಾತಾಡಿದೆ. ಸಿದ್ದಯ್ಯನ ದನಿ ಹೋಯಿತು, ಅವನು ಕರ್ಣನಾದರೆ ನಾಟಕ ಕೆಡುತ್ತದೆ, ಜನ ನಗುತ್ತಾರೆ ಎಂದೆ. ಈ ಮಾತು ಬೇರೆಯವರಿಂದ ನಿನಗೆ ಬಂದೇ ಬರುತ್ತದೆ, ಅದಕ್ಕೆ ಮೊದಲು ನನ್ನ ಕೈಯಿಂದಲೇ ಹೋಗಲಿ. ಕರ್ಣನ ವೀಳ್ಯವನ್ನು ಕೆರಗೋಡಿನ ರಘುನಂದನನಿಗೆ ಕೊಡಿಸಿದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗ, ನಿನ್ನ ಕಾಲ ಧೂಳಿಗೂ ಸಮ ಇಲ್ಲ. ಗೊತ್ತಿದ್ದೇ ಕೊಡಿಸಿದೆ.

ಈಗ ಗಂಟಲು ಇಟ್ಟುಕೊಂಡು ನೀನು ಮಾಡುವುದು ಏನೂ ಇಲ್ಲ. ಹೋಗಿ ಕುಯ್ಯಿಸಿಕೋ. ನನ್ನ ಮೇಲಿನ ಸಿಟ್ಟಿಗಾದರೂ ಕುಯ್ಯಿಸಿಕೊಂಡು ಬದುಕು.

ಬಾಬು ಜಾನ್


ಬೆಳಕವಾಡಿ
೨೮ ಜನವರಿ ೨೦೨೪

ಮೇಷ್ಟ್ರು ಮಾಮನಿಗೆ ದೀಪಿಕ ಮಾಡುವ ನಮಸ್ಕಾರಗಳು.

ನೀವು ಡಿಸೆಂಬರಿನಿಂದ ಬರೆದ ನಾಲ್ಕು ಪತ್ರಗಳೂ ಬಂದಿವೆ. ಅಪ್ಪ ಡಿಸೆಂಬರಿನದನ್ನು ಓದಿದರು, ಆಮೇಲಿನ ಮೂರನ್ನು ಒಡೆದಿಲ್ಲ. ಅವರು ಬರೆಯುವುದಿಲ್ಲ ಎಂದು ಕಾಣುತ್ತದೆ, ಅದಕ್ಕೆ ನಾನು ಬರೆಯುತ್ತಿದ್ದೇನೆ.

ಆಪರೇಷನ್ನು ಸಂಕ್ರಾಂತಿಯ ಮಾರನೆಯ ದಿನ ಆಯಿತು. ನಿಮ್ಮ ಪತ್ರ ಬಂದ ಮೇಲೆ ಎರಡು ದಿನ ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ್ದರು. ಮೂರನೆಯ ದಿನ ಎದ್ದು, ಸ್ನಾನ ಮಾಡಿ, ಅವರೇ ಬ್ಯಾಗು ತುಂಬಿಕೊಂಡು, "ನಡಿ ಮಗ, ಕುಯ್ಯಲಿ" ಎಂದರು. ಆದರೆ ಆಸ್ಪತ್ರೆಯಲ್ಲಿ ದಿನ ಸಿಗುವ ಹೊತ್ತಿಗೆ ಜನವರಿ ಬಂತು. ನವೆಂಬರಿನಲ್ಲಿ ಗೊತ್ತಾಗಿದ್ದ ದಿನ ನಾವೇ ಬಿಟ್ಟಿದ್ದೆವಲ್ಲ. ಗಡ್ಡೆ ಮೊದಲು ನೋಡಿದ್ದಕ್ಕಿಂತ ಬೆಳೆದಿತ್ತು, ಸಿಕ್ಕಿದ್ದನ್ನೆಲ್ಲ ತೆಗೆದಿದ್ದೇವೆ ಎಂದರು.

ಆಪರೇಷನ್ನಿನ ಹಿಂದಿನ ಸಂಜೆ ವಾರ್ಡಿನವರು ಅಪ್ಪನನ್ನು ಒಂದು ಹಾಡು ಹೇಳಿ ಎಂದರು. ಅಪ್ಪ ಒಲ್ಲೆ ಎಂದರು. ಕಡೆಯದಾಗಿ ಆಡಿದ ಮಾತು ಅಮ್ಮನಿಗೆ. "ಎಮ್ಮೆ ಬುಟ್ಟು ಬಂದಿದ್ದೀಯ, ಯಾರು ಕರೀತಾರೆ ಆಲ?" ಅಷ್ಟೆ.

ನೀವು ಮಾಡಿದ್ದು ಸರಿ ಎಂದು ಅಮ್ಮ ಹೇಳುತ್ತಾಳೆ. ನನಗೆ ಗೊತ್ತಾಗುತ್ತಿಲ್ಲ ಮಾಮ.

ನಿಮ್ಮ ಮಗಳಂಥ
ದೀಪಿಕ


ಮದ್ದೂರು
೧೯ ಫೆಬ್ರವರಿ ೨೦೨೪

ಸಿದ್ದಯ್ಯ,

ಇದನ್ನೂ ಒಡೆಯುವುದಿಲ್ಲವೇನೋ. ಆದರೂ ಬರೆಯುತ್ತೇನೆ.

ರಘುನಂದನನಿಗೆ ದುಃಖ ಬರುವುದಿಲ್ಲ, ಕಣ್ಣೀರಿಗೆ ಗ್ಲಿಸರಿನ್ ಕೇಳುತ್ತಾನೆ. ಹಿಗ್ಗು ಮಾತ್ರ ಸಲೀಸಾಗಿ ಬರುತ್ತದೆ. ಬ್ಯಾಂಕಿನಲ್ಲಿ ಪ್ರಮೋಷನ್ ಬಂದ ಹಾಗೆ ಮುಖ ಅರಳಿಸುತ್ತಾನೆ. ನೀನು ಕೇಳಿದ ಹಾಗೆ ಆ ಮಾತಿನ ಹುಟ್ಟು ಏನೆಂದು ಅವನು ನನ್ನನ್ನು ಎಂದೂ ಕೇಳಲಿಲ್ಲ. ಪಾಠ ಮುಗಿಸಿ ಮನೆಗೆ ಬರುತ್ತೇನೆ, ಊಟ ಸೇರುವುದಿಲ್ಲ.

ಮಾರ್ಚಿ ಹತ್ತು, ಭಾನುವಾರ, ಬೆಳಿಗ್ಗೆ ಹತ್ತಕ್ಕೆ ಶುರು. ಬಾ ಎನ್ನುವ ಮುಖ ನನಗಿಲ್ಲ.

ಬಾಬು ಜಾನ್


ಬೆಳಕವಾಡಿ
೧೪ ಮಾರ್ಚ್ ೨೦೨೪

ಮೇಷ್ಟ್ರೇ,

ಭಾನುವಾರ ಬಂದಿದ್ದೆ. ನಿಮಗೆ ಕಾಣಬಾರದೆಂದು ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತಿದ್ದೆ. ಕತ್ತಿಗೆ ಬಿಳಿ ಟವಲು ಸುತ್ತಿಕೊಂಡಿದ್ದೆ. ಜನ ಮಗ್ಗುಲಲ್ಲಿ ಕೂತ ಮೇಲೆ ಸ್ವಲ್ಪ ಸರಿದು ಕೂರುತ್ತಾರೆ, ಅಭ್ಯಾಸವಾಗಿದೆ.

ಹುಡುಗ ಹಾಳಾಗಿ ಹೋಗಲಿ ಎಂದುಕೊಂಡೇ ಬಂದಿದ್ದೆ, ಸುಳ್ಳು ಯಾಕೆ. ಮೊದಲ ಎರಡು ಸೀನಿನಲ್ಲಿ ಅವನು ತಪ್ಪಿದ ಜಾಗವನ್ನೆಲ್ಲ ಲೆಕ್ಕ ಇಟ್ಟೆ. ಆಮೇಲೆ ಕುಂತಿ ಬಂದಳು. "ನೀನು ನನ್ನ ಮೊದಲ ಮಗ" ಎಂದಳು. ಹುಡುಗ ಒಂದು ಹೆಜ್ಜೆ ಹಿಂದೆ ಇಟ್ಟ, ಬಾಯಿ ತೆರೆದ, ಹಾಡಲಿಲ್ಲ. ಮಾತು ಮರೆತಿದ್ದ, ಅಲ್ಲವೇ? ನೀವು ಪೆಟ್ಟಿಗೆಯ ಮೇಲೆ ಒಂದೇ ಸ್ವರವನ್ನು ಹಿಡಿದು ನಿಂತಿರಿ, ಬಿಡಲೇ ಇಲ್ಲ. ಆ ಸ್ವರ ನನ್ನದು ಮೇಷ್ಟ್ರೇ. ನನ್ನ ಶ್ರುತಿ. ಪೆಟ್ಟಿಗೆಯ ಮೇಲೆ ಅವನದಕ್ಕಿಂತ ಒಂದು ಮನೆ ಕೆಳಗೆ. ನಿಮ್ಮ ಬೆರಳು ಅಭ್ಯಾಸಬಲದಿಂದ ಅಲ್ಲಿಗೆ ಹೋಗಿತ್ತು.

ಆಗ ಬಂತು. ನೀವು ಇಷ್ಟು ವರ್ಷ ಬಾಯಿ ನೋವು ಮಾಡಿಕೊಂಡು ಹೇಳಿದ್ದು ಬಂತು. ಕೈಕೂದಲು ಎದ್ದು ನಿಂತವು. ತಲೆ ತಿರುಗಿತು. ಪಕ್ಕೆ ಎರಡೂ ಬಿಗಿಯಾಗಿ ಅಂಗಿಯ ಗುಂಡಿ ಕಿತ್ತು ಹೋಗುತ್ತದೆ ಎನ್ನಿಸಿತು. ಅಪ್ಪ ನೆನಪಾಗಲಿಲ್ಲ, ಯಾರು ನೋಡುತ್ತಾರೆ ಎಂದು ಹೆದರಿಕೆಯಾಗಲಿಲ್ಲ. ಎದ್ದು ನಿಂತುಬಿಟ್ಟೆ. ಇಡೀ ಪದ್ಯ ಎದೆಯಿಂದ ಮೇಲಕ್ಕೆ ನುಗ್ಗಿ ಬಂತು. ಬಾಯಿ ತೆರೆದು ಹಾಡಿದೆ.

ಕತ್ತಿನ ತೂತಿನಿಂದ ಪುಸ್ ಎಂದು ಗಾಳಿ ಬಂತು. ಜೊತೆಗೆ ಕಫ. ಟವಲು ಜಾರಿ ಮುಂದಿನ ಸಾಲಿನ ಹೆಂಗಸಿನ ತೋಳಿನ ಮೇಲೆ ಬಿತ್ತು. ಅವಳು "ಥೂ" ಎಂದು ಸೆರಗು ಕೊಡವಿಕೊಂಡು, ಮಗುವನ್ನು ಎತ್ತಿಕೊಂಡು ಬೇರೆ ಕಡೆ ಹೋದಳು. ಅವಳದೇನೂ ತಪ್ಪಿಲ್ಲ. ಅಷ್ಟರಲ್ಲಿ ಹುಡುಗನಿಗೆ ಪದ್ಯ ನೆನಪಾಯಿತು. ಜನ ಶಿಳ್ಳೆ ಹೊಡೆದರು, ಒನ್ಸ್ ಮೋರ್ ಎಂದರು. ಅವನು ಇನ್ನೊಂದು ಸಲ ಹಾಡಿದ. ನಾನು ಹೊರಗೆ ಬಂದು ಮಳವಳ್ಳಿ ಬಸ್ಸು ಹತ್ತಿದೆ.

ಅರ್ಥ ತಿಳಿದುಕೊಂಡೆ, ನಿಮಗೆ ತಿಳಿಸಬೇಕು ಅನ್ನಿಸಿತು. ನಿಮ್ಮ ಪಂಡಿತರು ಹೇಳಿದ್ದು ಒಂದೂ ಸುಳ್ಳಲ್ಲ, ಕೂದಲೂ ನಿಜ, ತಲೆ ಸುತ್ತಿದ್ದೂ ನಿಜ. ಹೊರಗೆ ಹೋಗಲು ದಾರಿ ಇಲ್ಲದವನಿಗೆ ಹಿಗ್ಗು ಬಂದರೆ ಅದಕ್ಕೆ ಏನೆನ್ನಬೇಕು ಎಂದು ಅವರು ಹೇಳಿಕೊಟ್ಟಿದ್ದರೆ ಬರೆಯಿರಿ. ನನಗೆ ನೋವು ಎಂಬ ಮಾತು ಬಿಟ್ಟು ಬೇರೆ ಸಿಗುತ್ತಿಲ್ಲ.

ಸಿಟ್ಟು ಇಲ್ಲ. ಇರಬೇಕಿತ್ತು, ಹುಡುಕಿದೆ, ಸಿಗಲಿಲ್ಲ.

ಕೆಂಪಸಿದ್ದಯ್ಯ


ಮದ್ದೂರು
೨೮ ಏಪ್ರಿಲ್ ೨೦೨೪

ನನ್ನ ಸಿದ್ದಯ್ಯ,

ಮಾರ್ಚಿಯ ಪತ್ರಕ್ಕೆ ಉತ್ತರ ಬರೆಯಲು ನಾಲ್ಕು ಸಲ ಕೂತೆ, ಆಗಲಿಲ್ಲ. ನೀನು ಕೇಳಿದ ಮಾತು ಪಂಡಿತರ ಹತ್ತಿರ ಇರಲಿಲ್ಲ, ನಮ್ಮ ಫಾರಸಿಯಲ್ಲೂ ನನಗೆ ಸಿಗಲಿಲ್ಲ.

ನಿನ್ನೆ ದೀಪಿಕ ಫೋನು ಮಾಡಿದ್ದಳು. ಶಮೀಮ್ ಕೇಳಿ ಹೇಳಿದಳು. ಶ್ವಾಸಕೋಶಕ್ಕೆ ಹಬ್ಬಿದೆ, ಇನ್ನು ಮಾಡುವುದೇನೂ ಇಲ್ಲ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರಂತೆ. ಸಿದ್ದಯ್ಯ, ನಿನ್ನ ಪಾತ್ರವನ್ನು ನಿನ್ನ ಜೀವ ಉಳಿಸಲೆಂದು ಕಿತ್ತುಕೊಂಡೆ. ಪಾತ್ರವೂ ಹೋಯಿತು, ಜೀವವೂ ನಿಲ್ಲುತ್ತಿಲ್ಲ. ನವೆಂಬರಿನಲ್ಲೇ ಕಿತ್ತುಕೊಂಡಿದ್ದರೆ ಉಳಿಯುತ್ತಿದ್ದೆಯೇನೋ. ಕಿತ್ತುಕೊಳ್ಳದೇ ಇದ್ದಿದ್ದರೆ ಆವತ್ತು ಅಲ್ಲಿ ನೀನೇ ಹಾಡುತ್ತಿದ್ದೆಯೇನೋ. ಎರಡೂ ಇಲ್ಲದ ಹಾಗೆ ಮಾಡಿದೆ ನಾನು. ಮಸೀದಿಯಲ್ಲಿ ಕೂತರೂ ಇದೇ, ಮನೆಯಲ್ಲಿ ಕೂತರೂ ಇದೇ.

ಬರುವ ಭಾನುವಾರವಲ್ಲ, ಅದರ ಮುಂದಿನ ಭಾನುವಾರ ಬೆಳಕವಾಡಿಗೆ ಬರುತ್ತೇನೆ. ನಮ್ಮ ಬೀದಿಯ ಹಸೀಬನ ಆಟೋದಲ್ಲಿ ಪೆಟ್ಟಿಗೆಯನ್ನೂ ಹಾಕಿಕೊಂಡು ಬರುತ್ತೇನೆ. ನಿನ್ನ ಶ್ರುತಿಯಲ್ಲೇ ನುಡಿಸುತ್ತೇನೆ, ನಾನೇ ಹಾಡುತ್ತೇನೆ. ನೀನು ಸುಮ್ಮನೆ ಬಾಯಿ ಆಡಿಸು ಸಾಕು. ನಮ್ಮಿಬ್ಬರ ಮುಂದೆ ನಾಟಕ ಆಗಿಹೋಗಲಿ. ಇಲ್ಲವೆನ್ನಬೇಡ.

ನಿನ್ನ
ಬಾಬು ಜಾನ್


ಬೆಳಕವಾಡಿ
೫ ಮೇ ೨೦೨೪

ಮೇಷ್ಟ್ರೇ,

ಅಕ್ಷರ ಸೊಟ್ಟಗಿವೆ. ದಿಂಬಿಗೆ ಒರಗಿಕೊಂಡು ಬರೆಯುತ್ತಿದ್ದೇನೆ, ಪಟ್ಟಲಮ್ಮ ರಟ್ಟು ಹಿಡಿದುಕೊಂಡಿದ್ದಾಳೆ. ಅವಳಿಗೆ ಓದಲು ಬರುವುದಿಲ್ಲ, ಆದ್ದರಿಂದ ಸುಳ್ಳು ಬರೆಯುವ ಅಗತ್ಯವಿಲ್ಲ.

ನೀವು ನವೆಂಬರು ಡಿಸೆಂಬರು ಎಂದು ಎಣಿಸಬೇಡಿ. ಎಣಿಸಿದರೆ ಅದರಲ್ಲಿ ನನ್ನ ಪಾಲೇ ಜಾಸ್ತಿ ಬರುತ್ತದೆ. ಇನ್ನು ಅದನ್ನು ಹಂಚಿಕೊಂಡು ಇಬ್ಬರಿಗೂ ಏನು ಆಗಬೇಕಾಗಿದೆ? ಡಾಕ್ಟರು ಕೊಟ್ಟ ಮಾತ್ರೆ ನುಂಗಿದರೆ ಸಂಜೆಯವರೆಗೆ ನಿದ್ದೆ. ಎಚ್ಚರವಾದಾಗ ನೋವು ಮೊದಲು ಏಳುತ್ತದೆ, ನಾನು ಆಮೇಲೆ.

ಭಾನುವಾರ ಬರಬೇಡಿ. ಬೇರೆ ದಿನವೂ ಬರಬೇಡಿ. ಬಾಯಿ ಆಡಿಸುವುದು ಬೊಂಬೆಯ ಕೆಲಸ, ನಾನು ಒಲ್ಲೆ. ಆದರೆ ಅದು ಕಾರಣ ಅಲ್ಲ. ಮನೆಯಲ್ಲಿ ನಾನು ಮಾತಾಡಬೇಕಾದರೆ ತಟ್ಟೆ ಬಡಿಯುತ್ತೇನೆ. ಒಂದು ಸಲ ಬಡಿದರೆ ನೀರು, ಎರಡು ಸಲ ಬಡಿದರೆ ಕಫ ತೆಗೆಯಬೇಕು. ಪಟ್ಟಲಮ್ಮನಿಗೆ, ದೀಪಿಕಳಿಗೆ ಈಗ ನಾನು ಆ ತಟ್ಟೆಯ ಸದ್ದು. ಪಾಪ, ಅವರು ಬೇರೆ ಸದ್ದನ್ನು ಮರೆಯುತ್ತಿದ್ದಾರೆ, ಕಣ್ಣಿಗೆ ಕಾಣುತ್ತದೆ. ನೀವೊಬ್ಬರೇ ಆಪರೇಷನ್ನಿನ ನಂತರ ನನ್ನನ್ನು ನೋಡದವರು. ಈ ಪತ್ರವನ್ನು ನೀವು ಓದುವಾಗ ನಿಮ್ಮ ಕಿವಿಯಲ್ಲಿ ಇದು ಹಳೆಯ ಸಿದ್ದಯ್ಯನ ದನಿಯಲ್ಲೇ ಕೇಳುತ್ತಿರಬೇಕು. ಹೌದು ತಾನೇ? ಬಂದು ಒಂದು ಸಲ ನೋಡಿಬಿಟ್ಟರೆ ಆಮೇಲೆ ಕೇಳುವುದಿಲ್ಲ.

ಒಂದು ಪಾತ್ರ ಕೊಟ್ಟಿರಿ, ತೆಗೆದುಕೊಂಡಿರಿ, ಅದಕ್ಕೆ ನಾನು ಏನೂ ಅನ್ನಲಿಲ್ಲ. ಈಗ ಲೋಕದಲ್ಲಿ ನಿಮ್ಮೊಬ್ಬರ ಹತ್ತಿರ ಮಾತ್ರ ನನಗೆ ದನಿ ಇದೆ. ಅದನ್ನೂ ತೆಗೆದುಕೊಳ್ಳಬೇಡಿ. ಬರಬೇಡಿ ಮೇಷ್ಟ್ರೇ.

ಕೆಂಪಸಿದ್ದಯ್ಯ